ಅರ್ಧ ಪಗಾರದ ಅಕ್ಕೋರು

ಕಳೆದ ವಾರ ಉತ್ತರಪತ್ರಿಕೆಗಳ ಕಟ್ಟಿಗೆ ಚೀಟಿ ಅಂಟಿಸುತ್ತಿದ್ದೆ. ಅಂಟಿನ ಬಾಟಲಿ ತೆರೆದೊಡನೆ ಬಂದ ಹುಳಿ ವಾಸನೆಗೆ ಕೈ ನಿಂತಿತು. ಲಕ್ಷ್ಮೇಶ್ವರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ವರ್ಷಗಳ ಹಿಂದೆ ಪಗಾರದ ದಿನ ಇದೇ ವಾಸನೆ. ಎದುರಿಗೆ ಗಣಿತ ಕಲಿಸುವ ಅಕ್ಕೋರು ಕುಳಿತು ಲಕೋಟೆಯ ಬಾಯಿ ಅಂಟಿಸುತ್ತಿದ್ದರು...

ಆ ಲಕೋಟೆಯಲ್ಲಿ ಇರುತ್ತಿದ್ದುದು ಅವರ ಪಗಾರದ ಅರ್ಧ. ನಮ್ಮದು ಖಾಸಗಿ ಶಾಲೆ. ಪೂರ್ತಿ ಪಗಾರ ಬ್ಯಾಂಕಿಗೆ ಜಮಾ ಆಗುತ್ತಿತ್ತು; ನಾವು ತೆಗೆದುತಂದು ಅರ್ಧವನ್ನು ಆಡಳಿತ ಮಂಡಳಿಯ ಅಧ್ಯಕ್ಷರ ಮೇಜಿನ ಮೇಲೆ ಇಟ್ಟು ಬರಬೇಕು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಅಕ್ಕೋರು ಶಿರಹಟ್ಟಿಯಿಂದ ಬಸ್ಸಿಗೆ ಬರುತ್ತಿದ್ದರು. ಭಿನ್ನರಾಶಿ ಕಲಿಸುವಾಗ ತಮ್ಮ ಬುತ್ತಿಯ ರೊಟ್ಟಿಯನ್ನೇ ಮುರಿದು ತೋರಿಸಿ, ತುಂಡುಗಳನ್ನು ಮಕ್ಕಳಿಗೇ ಹಂಚಿಬಿಡುವರು. ಹಿಂದುಳಿದವರನ್ನು ಸಂಜೆ ಕೂರಿಸಿಕೊಂಡು ಬಸ್ಸು ತಪ್ಪಿಸಿಕೊಳ್ಳುವರು. ಲೆಕ್ಕವೆಂದರೆ ಅಳುತ್ತಿದ್ದ ನನ್ನ ಮಗಳೂ ಅವರಲ್ಲೊಬ್ಬಳು.

ಒಂದು ಪಗಾರದ ದಿನ ಅವರು ಲಕೋಟೆ ಅಂಟಿಸಲಿಲ್ಲ.

“ನಾ ಹುಡುಗರಿಗೆ ಅರ್ಧಾ ಪಾಠ ಹೇಳಿಲ್ಲ. ಇನ್ನ ಅರ್ಧಾ ಪಗಾರ ತಿರಗಿ ಕೊಡಂಗಿಲ್ಲ,” ಎಂದರು. ಶಿಕ್ಷಣ ಇಲಾಖೆಗೆ ಅರ್ಜಿ ಕೊಡೋಣವೆಂದರು. ಕನ್ನಡ ಕಲಿಸುವವಳು ನಾನು. ಹುರುಪಿನಿಂದ ನಾನೇ ಬರೆದೆ. ಆರೂ ಜನ ಸಹಿ ಹಾಕಿದೆವು.

ಸೋಮವಾರ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುವವರಿದ್ದರು. ಶನಿವಾರ ಅಧ್ಯಕ್ಷರು ಒಬ್ಬೊಬ್ಬರನ್ನೇ ಕರೆಸಿದರು. ನನಗೆ ಚಹಾ ತರಿಸಿದರು.

“ಮಗಳ ಫೀ ನಮಗ ಬಿಡ್ರಿ. ಹತ್ತನೇ ಕ್ಲಾಸ್ ಮುಗಿಯೂತನಕ ಚಿಂತಿ ಬ್ಯಾಡ.”

ಚಹಾ ಕುಡಿದು ಬಂದೆ.

ಸೋಮವಾರ ಅಧಿಕಾರಿಯ ಮುಂದೆ ಎಲ್ಲರೂ ಸಾಲಾಗಿ ನಿಂತೆವು. ನನಗಿಂತ ಮೊದಲಿದ್ದ ನಾಲ್ವರೂ ಪೂರ್ತಿ ಪಗಾರ ಸಿಗುತ್ತದೆ ಎಂದರು. ಅಧಿಕಾರಿ ಅರ್ಜಿ ಎತ್ತಿ ಹಿಡಿದು ಕೇಳಿದರು: “ಇದನ್ನ ಬರದವರು ಯಾರ್ರಿ?”

“ನಾನ ರೀ... ಅಕ್ಕೋರು ಬರೀರಿ ಅಂದ್ರು, ಬರದೆ. ನನಗ ಪೂರಾ ಪಗಾರ ಬರ್ತೈತ್ರಿ.”

ಅಕ್ಕೋರು ನನ್ನ ಕಡೆ ತಿರುಗಿದರು. “ನೀವೂನೂ?” ಎಂದಷ್ಟೇ ಅಂದರು.

ಅವತ್ತು ಸಂಜೆಯೂ ಅವರು ನನ್ನ ಮಗಳನ್ನು ಕೂರಿಸಿಕೊಂಡು ಲೆಕ್ಕ ಮಾಡಿಸಿದರು. ನಾಳೆಯಿಂದ ಬರುವುದು ಬೇಡ ಎಂಬ ಪತ್ರ ಆಗಲೇ ಅವರ ಚೀಲದಲ್ಲಿತ್ತು. ನಾನು ಅಂಗಳದಲ್ಲಿ ನಿಂತು ಮಗಳಿಗಾಗಿ ಕಾಯುತ್ತಿದ್ದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಫೀ ಮಾಫಿ ನಡೆದದ್ದು ಒಂದೇ ವರ್ಷ. ಮರುವರ್ಷ ನೆನಪಿಸಿದರೆ ಅಧ್ಯಕ್ಷರು, “ಆಗಿಂದು ಆಗಿಗೆ ಆತಲ್ರಿ,” ಎಂದು ನಕ್ಕರು. ನಾನು ಮಾರಿಕೊಂಡದ್ದು ಎಷ್ಟು ಅಗ್ಗಕ್ಕೆಂದು ಅವತ್ತು ತಿಳಿಯಿತು.

ಎಷ್ಟೋ ವರ್ಷದ ಮೇಲೆ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕೋರು ಸಿಕ್ಕರು. ಮನೆಯಲ್ಲೇ ಪಾಠ ಹೇಳಿ ಜೀವನ ನಡೆಸುತ್ತಿದ್ದರಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ಹತ್ತಿರ ಬಂದರು.

“ಹುಡುಗಿ ಹೆಂಗದಾಳ್ರಿ? ಗಣಿತಾ ಬಿಟ್ಟಿಲ್ಲಲಾ?”

“ಇಲ್ರಿ, ಎಂ.ಎಸ್ಸಿ. ಮಾಡಾಕತ್ತಾಳ,” ಎಂದೆ. ಅವರ ಮುಖ ಅರಳಿತು. ನಾನು ಹೇಗಿದ್ದೇನೆಂದು ಕೇಳಲಿಲ್ಲ. ‘ತಪ್ಪಾತ್ರಿ’ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಶಿರಹಟ್ಟಿ ಬಸ್ಸು ಬಂತು...

ಹೋದ ಚಳಿಗಾಲ ಅವರು ತೀರಿಕೊಂಡ ಖಬರ ಬಂತು. ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ.

ನಾನು ಇಂದಿಗೂ ಅದೇ ಶಾಲೆಯಲ್ಲಿದ್ದೇನೆ. ಈ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ, ವಿಜ್ಞಾನ ಕಲಿಸುವ ಹುಡುಗಿ ಮೆಲ್ಲಗೆ ಕೇಳಿದಳು: “ಅರ್ಧಾ ತಿರಗಿ ಕೊಡೂದು ಖರೇನ್ರಿ ಅಕ್ಕೋರ?”

“ಹೂಂನ್ರೀ, ಇಲ್ಲಿ ಎಲ್ಲಾರೂ ಕೊಡತಾರ,” ಎಂದೆ.

ಕೊಡುವುದಿಲ್ಲ ಎಂದವರೊಬ್ಬರು ಇಲ್ಲಿದ್ದರು ಎಂದು ಹೇಳಬೇಕಿತ್ತು. ಹೇಳಲಿಲ್ಲ.