ಅಕ್ಕೋರ ಹಾಡಿನ ಡಬ್ಬಿ, ಕಾರ್ಯದರ್ಶಿಯ ಕಸೂತಿ ಗವಸು

ನಮ್ಮ ಓಣಿಯ ಸಂಗೀತದ ಅಕ್ಕೋರು ಮಹಿಳಾ ಭಜನಾ ಮಂಡಳಿಯ ಹಾಡುಗಳನ್ನೆಲ್ಲ ಸಿಟ್ಟಿನಿಂದ ಅಳಿಸಿಹಾಕಿದರೆಂಬ ಆರೋಪವನ್ನು ಒಂದು ಸಂಜೆ ಕಾರ್ಯದರ್ಶಿಯವರ ಪಡಸಾಲೆಯಲ್ಲಿ ಎಲ್ಲರ ಎದುರು ಹೊರಿಸಲಾಯಿತು. ಅದು ಸುಳ್ಳೆಂದು ಅದೇ ಪಡಸಾಲೆಯಲ್ಲಿ, ಅದೇ ಸಂಜೆ ಸಾಬೀತಾಯಿತು. ಹೊರಿಸಿದವರು ಮಾತ್ರ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಮೊನ್ನೆ ಟ್ರಂಕಿನ ತಳದಿಂದ ನುಸಿಗುಳಿಗೆಯ ವಾಸನೆಯ ಒಂದು ಕಸೂತಿ ಗವಸು ಕೈಗೆ ಬಂದಾಗ ಇದೆಲ್ಲವೂ ಮತ್ತೆ ಎದುರಿಗೆ ಬಂದು ನಿಂತಿತು.

ಅಕ್ಕೋರು ನವನಗರದಲ್ಲಿ ನಮ್ಮ ಪಕ್ಕದ ಮನೆಯವರು. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ತೊಂಬತ್ತರ ದಶಕದುದ್ದಕ್ಕೂ ಮಂಡಳಿಯ ಹಾಡುಗಳನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅವುಗಳಲ್ಲಿ ನನ್ನ ಹೆಂಡತಿಯ ಧ್ವನಿಯೂ ಇತ್ತು. ಅವಳು ತೀರಿಕೊಂಡ ಮೇಲೆ ನನಗೆ ಉಳಿದದ್ದು ಅದೊಂದೇ. ಮುಂದೆ ಕ್ಯಾಸೆಟ್ಟುಗಳಿಗೆ ಬೂಸು ಹಿಡಿಯತೊಡಗಿದಾಗ, ಅಕ್ಕೋರು ಪುಣೆಯಲ್ಲಿದ್ದ ಸಹೋದರನಿಂದ ಎರಡು ಡಿಸ್ಕುಗಳ ಒಂದು ಯಂತ್ರ ತರಿಸಿ ಎಲ್ಲ ಹಾಡುಗಳನ್ನೂ ಅದಕ್ಕೆ ಏರಿಸಿದರು. ಒಂದು ಡಿಸ್ಕಿನಲ್ಲಿದ್ದುದೇ ಇನ್ನೊಂದರಲ್ಲೂ ಇರುತ್ತಿತ್ತು. ಕಂಪ್ಯೂಟರಿಗೆ ಜೋಡಿಸಿ ಕೇಳಬೇಕು. ಓಣಿಯವರ ಬಾಯಲ್ಲಿ ಅದು ‘ಹಾಡಿನ ಡಬ್ಬಿ’.

ಡಬ್ಬಿ ಆಗಾಗ ಮುನಿಯುತ್ತಿತ್ತು. ಕಂಪ್ಯೂಟರಿನಲ್ಲಿ ಕಾಣಿಸುತ್ತಿಲ್ಲವೆಂದು ನಾನು ಗೊಣಗಿದರೆ ಅಕ್ಕೋರ ಉತ್ತರ ಸಿದ್ಧವಿರುತ್ತಿತ್ತು: “ಮೊದಲ ವಾಯರ್ ನೋಡ್ರಿ, ಆಮ್ಯಾಲ ನನ್ನ ಬೈರಿ.” ವಾಯರ್ ಸರಿಯಿದ್ದರೆ ಕಿವಿಗೊಟ್ಟು ಡಬ್ಬಿಯೊಳಗಿನ ಫ್ಯಾನಿನ ಸದ್ದು ಕೇಳುವರು, ಅಂಗೈ ಇಟ್ಟು ಬಿಸಿ ನೋಡುವರು. ಗುಂಡಿ ಒತ್ತಿ ಆರಿಸದೆ ನೇರವಾಗಿ ಕರೆಂಟು ತೆಗೆದವರಿಗೆ ಅವರ ಬಾಯಿಂದ ಬಿಡುಗಡೆಯಿರಲಿಲ್ಲ.

ಒಂದು ಬೇಸಿಗೆಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಪುಣೆಗೆ ಹೋಗುವಾಗ, ಎಲ್ಲರೂ ಹಾಡು ಕೇಳಲೆಂದು ಡಬ್ಬಿಯನ್ನು ಮಂಡಳಿಯ ಕಾರ್ಯದರ್ಶಿಯವರ ಮನೆಯಲ್ಲಿ ಇಟ್ಟುಹೋದರು. ಆ ಮನೆಯಲ್ಲಿ ಟಿ.ವಿ., ಕಂಪ್ಯೂಟರು, ಮಿಕ್ಸರು, ಫೋನು ಎಲ್ಲಕ್ಕೂ ಕಸೂತಿ ಗವಸು. ಡಬ್ಬಿಗೂ ಒಂದನ್ನು ತೊಡಿಸಿದರು. ಮೇಲೆ ಗೋಪುರ, ಬದಿಗೆ ನವಿಲು. ಅಕ್ಕೋರು ಮರಳುವ ಮೊದಲೇ ಡಬ್ಬಿ ನಿಂತುಹೋಯಿತು. ಕರೆಸಿದ ಕಂಪ್ಯೂಟರ್ ಅಂಗಡಿಯವನು ಅದನ್ನು ಬಿಚ್ಚದೆಯೇ, ಎರಡೂ ಡಿಸ್ಕು ಸತ್ತಿವೆ ಎಂದು ಹೇಳಿ ಹೋದ.

ಅಕ್ಕೋರು ಬಂದ ಮರುದಿನ ಕಾರ್ಯದರ್ಶಿಯವರ ಪಡಸಾಲೆಯಲ್ಲಿ ಮಂಡಳಿ ಕೂಡಿತು.

“ಈ ವರ್ಷ ಮುಂದ ಕುಂತು ಹಾಡೋದು ತಪ್ಪಿತಲ್ರಿ ಅಕ್ಕೋರಿಗೆ, ಆ ಸಿಟ್ಟಿಗೆ ಎಲ್ಲಾ ಅಳಿಸಿ ಕೊಟ್ಟಾರ,” ಎಂದರು ಕಾರ್ಯದರ್ಶಿ.

ಅಕ್ಕೋರ ಜೊತೆಗೆ ಹೋಗಿದ್ದ ನಾನು ಆಕ್ಷೇಪಿಸಿದೆ. “ಕಾಕಾ, ಇದು ಹೆಣ್ಮಕ್ಕಳ ಮಂಡಳಿ. ನೀವು ಚಾ ಕುಡೀರಿ,” ಎಂದರು ಕಾರ್ಯದರ್ಶಿ. ಆ ಚಹಾವನ್ನು ನಾನು ಕುಡಿಯಲಿಲ್ಲ.

ಅಕ್ಕೋರು ಎದ್ದು ಗವಸು ತೆಗೆದು ನನ್ನ ಕೈಗೆ ಕೊಟ್ಟರು. “ಇಂಥಾ ಬ್ಯಾಸಿಗ್ಯಾಗ ಇದಕ್ಕ ಸ್ವೆಟರ್ ಯಾಕ ಹಾಕೀರಿ, ನಮ್ಮವ್ವಾ?” ಯಾರೋ ನಕ್ಕು, ಕಾರ್ಯದರ್ಶಿಯ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಫ್ಯಾನಿನ ಬಾಯಲ್ಲಿ ನೂಲೂ ಧೂಳೂ ಗಂಟುಕಟ್ಟಿದ್ದವು; ಗಾಳಿಯಾಡದೆ ಡಬ್ಬಿ ಕಾದು ನಿಂತುಹೋಗಿತ್ತು. ಅಕ್ಕೋರು ತಲೆಯ ಪಿನ್ನಿನಿಂದ ಆ ಗಂಟನ್ನು ಬಿಡಿಸಿದರು, ವಾಯರ್ ಕಿತ್ತು ಮತ್ತೆ ಒತ್ತಿ ಕೂರಿಸಿದರು. ಗುಂಡಿ ಒತ್ತಿದಾಗ ಒಂದು ದೀಪ ಕೆಂಪಗೆ, ಇನ್ನೊಂದು ಹಸಿರಾಗಿ ಹೊತ್ತಿಕೊಂಡಿತು.

“ಒಂದು ಡಿಸ್ಕ್ ಹೋಗೇತಿ, ಒಂದು ಐತಿ. ಅದಕ್ಕ ಎರಡು ಹಾಕಿಸಿದ್ದೆ.”

ಕಂಪ್ಯೂಟರಿನಲ್ಲಿ ಹಾಡುಗಳು ಸಾಲಾಗಿ ಕಾಣಿಸಿಕೊಂಡವು. ಮೊದಲು ಕೇಳಿಸಿದ್ದು ನನ್ನ ಹೆಂಡತಿಯ ಧ್ವನಿ: “ಅಕ್ಕೋರ, ಸುರು ಮಾಡ್ಲೇನ್ರಿ?” ಆಮೇಲೆ ಹಾಡು...

ತಪ್ಪಾಯಿತೆಂದು ಯಾರೂ ಅನ್ನಲಿಲ್ಲ. “ಅಂತೂ ಬಂದುವಲ್ಲ, ಬಿಡ್ರಿ,” ಎನ್ನುತ್ತ ಕಾರ್ಯದರ್ಶಿ ಅವಲಕ್ಕಿಯ ತಟ್ಟೆ ಹಂಚಿದರು. ಅಕ್ಕೋರು ತಟ್ಟೆ ಮುಟ್ಟಲಿಲ್ಲ. ಮಂಡಳಿಗೆ ಮತ್ತೆ ಹೋಗಲೂ ಇಲ್ಲ. ಮುಂದಿನ ವಾರ್ಷಿಕೋತ್ಸವದಲ್ಲಿ ಆ ಹಾಡುಗಳ ಸಿ.ಡಿ. ಬಿಡುಗಡೆಯಾಯಿತು. ಅಕ್ಕೋರಿಗೆ ಕರೆ ಬರಲಿಲ್ಲ, ಸಿ.ಡಿ.ಯ ಮೇಲೆ ಅವರ ಹೆಸರಿರಲಿಲ್ಲ. ನನ್ನ ಹೆಂಡತಿಯ ಹಾಡಿತ್ತು. ಹಾಡಿಗೆ ಮುಂಚಿನ ಆ ಪ್ರಶ್ನೆ ಇರಲಿಲ್ಲ. ಅಷ್ಟನ್ನು ಕತ್ತರಿಸಿ ತೆಗೆದಿದ್ದರು.

ಅಕ್ಕೋರು ಈಗಿಲ್ಲ. ಅವರು ಹೋದ ಮೇಲೆ ಡಬ್ಬಿ ಯಾರ ಪಾಲಾಯಿತೋ... ನನ್ನ ಹೆಂಡತಿ ಕೇಳಿದ ಆ ಪ್ರಶ್ನೆಯೂ ಅದರೊಂದಿಗೇ ಹೋಯಿತು. ಗವಸು ಮಾತ್ರ ಅಂದಿನಿಂದ ನನ್ನಲ್ಲಿದೆ. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ, ಒಗೆಸಲೂ ಇಲ್ಲ. ನವಿಲಿನ ಪಕ್ಕದಲ್ಲಿ, ಫ್ಯಾನು ಬಟ್ಟೆಯನ್ನು ಒಳಗೆಳೆದುಕೊಂಡ ಜಾಗದಲ್ಲಿ, ದುಂಡನೆಯ ಕಪ್ಪು ಗುರುತು ಹಾಗೆಯೇ ಇದೆ.

ಮಂಡಳಿಯವರೇ, ಆ ಹಾಡುಗಳಿಂದ ಏನನ್ನಾದರೂ ಅಳಿಸಿದವರು ಯಾರು, ಅಕ್ಕೋರೋ ಅಥವಾ ನೀವೋ?