ಪಟ್ಟಿಗೆ ಸೇರದ ಹೊಟ್ಟೆಗಳು

“ಅಮ್ಮಾ, ಮೀನು ಏನು ತಿಂತು ಅಂತ ಗೊತ್ತಾಗೋಕೆ ಹೊಟ್ಟೆ ಮಾಮ ಅದರ ಹೊಟ್ಟೆ ಯಾಕೆ ಕೊಯ್ಬೇಕು? ತಿನ್ನೋವಾಗ್ಲೇ ನೋಡ್ಬಾರ್ದಾ?”

ಐದು ವರ್ಷದ ಮಗಳು ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೇಳಿದಳು. “ಮೊದಲು ನುಂಗು,” ಎಂದಳು ತಾಯಿ.

ಹೊಟ್ಟೆ ಮಾಮ ಎಂದರೆ ಎದುರು ಮನೆಯವರು. ಕೆರೆ ದಂಡೆಯ ಮೀನು ಸಂಶೋಧನಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವರದು ಒಂದೇ ಕೆಲಸ: ಮೀನಿನ ಹೊಟ್ಟೆ ಕೊಯ್ದು, ಒಳಗಿದ್ದುದನ್ನು ತಟ್ಟೆಗೆ ಸುರಿದು, ಇದು ಪಾಚಿ, ಇದು ಬಸವನಹುಳು, ಇದು ಸೊಳ್ಳೆಮರಿ ಎಂದು ವಿಂಗಡಿಸಿ ಬರೆಯುವುದು. ಆಳು ಕಡ್ಡಿಯಂತಿದ್ದರು, ಅವರದೇ ಹೊಟ್ಟೆ ಹುಡುಕಿದರೂ ಸಿಗುತ್ತಿರಲಿಲ್ಲ.

“ಕೆರೆ ಮೀನೆಲ್ಲ ಬೆಳಿಗ್ಗೆ ಏನು ತಿಂದ್ವು ಅಂತ ಇವರಿಗೆ ಬಾಯಿಪಾಠ,” ಎಂದು ಅವರ ಹೆಂಡತಿ ಬಟ್ಟೆ ಹರವುತ್ತ ಹೇಳುತ್ತಿದ್ದರು. “ತಾವು ತಿಂದ್ರಾ ಇಲ್ವಾ ಅಂತ ಮಾತ್ರ ನನ್ನ ಕೇಳ್ತಾರೆ.”

ಗೇಟಿನ ಬಳಿ ಸಿಕ್ಕಿಬಿದ್ದವರನ್ನು ಮಾಮ ಸುಲಭಕ್ಕೆ ಬಿಡುವವರಲ್ಲ. ಒಮ್ಮೆ ತಾಯಿಯೇ ಸಿಕ್ಕಿಬಿದ್ದಳು.

“ನೋಡು ತಂಗೀ, ಒಂದು ಮೀನು ಮೇಲೆ ತೇಲೋದನ್ನ ತಿನ್ನುತ್ತೆ, ಇನ್ನೊಂದು ತಳದ ಕೆಸರು ಕೆದಕುತ್ತೆ. ಒಂದಕ್ಕೆ ಹಗಲೂಟ, ಇನ್ನೊಂದಕ್ಕೆ ಸಂಜೆ ಮೇಲೆ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕಲ್ಲ.”

“ಮೀನಿಗೆ ಕೈ ಎಲ್ಲಿಂದ ಬಂತಣ್ಣ?”

“ಅದಕ್ಕೇ ಮರ್ಯಾದೆಯಾಗಿವೆ.”

ಕಚೇರಿಯಲ್ಲೂ ಏರ್ಪಾಡು ಹಾಗೇ ಇತ್ತು. ಸಾಹೇಬರು ಮೇಲ್ನೀರಿನವರು: ಹಾರ, ಫೋಟೊ, ಭಾಷಣ. ನಡುನೀರಿನಲ್ಲಿ ಸಹಿ ಹಾಕುವ ಮೂವರು. ತಳದಲ್ಲಿ ಮಾಮ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಸೆಪಟ್ಟದ್ದೇ ಇಲ್ಲ. ಮಾಮನ ಕೆಲಸಕ್ಕಂತೂ ಕನಸಿನಲ್ಲೂ ಇಲ್ಲ.

ಹೀಗಿರುವಾಗ ಸಾಹೇಬರು ಹೊರಗಿನಿಂದ ದಪ್ಪ ಮೂತಿಯ ಮೀನೊಂದನ್ನು ತರಿಸಿದರು. ಬೇಗ ಬೆಳೆಯುತ್ತದೆ, ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಕೆರೆಗೆ ಬಿಡುವ ಮೊದಲು ಒಂದು ಮೂಲೆಗೆ ಬಲೆ ಕಟ್ಟಿ, ಅಲ್ಲಿ ಅದನ್ನು ಕೆರೆಯ ಹಳೆಯ ಸಣ್ಣ ಮೀನಿನ ಜೊತೆ ವರ್ಷವಿಡೀ ಇಟ್ಟು, ಎರಡರ ಹೊಟ್ಟೆಯನ್ನೂ ನೋಡಬೇಕೆಂದು ನಿಯಮ. ನೀರು ತುಂಬಿದ್ದಾಗ ಎರಡೂ ಬಸವನಹುಳುವನ್ನೇ ತಿಂದು ಸುಖವಾಗಿದ್ದವು. ಬೇಸಿಗೆಗೆ ನೀರು ಇಳಿಯಿತು, ಹುಳು ಕಡಿಮೆಯಾಯಿತು. ಆಗ ಕೊಯ್ದರೆ ದಪ್ಪ ಮೂತಿಯದರ ಹೊಟ್ಟೆ ತುಂಬ ಹುಳು. ನಲವತ್ತು ಸಣ್ಣ ಮೀನಿನಲ್ಲಿ ಮೂವತ್ತೆಂಟರ ಹೊಟ್ಟೆ ಖಾಲಿ.

“ಏನೂ ಇಲ್ಲ ಅಂದ್ಮೇಲೆ ಏನಂತ ಬರೀತೀರಿ?” ಎಂದರು ಸಾಹೇಬರು. “ಪಟ್ಟಿ ಇರೋದು ಏನು ತಿಂತು ಅನ್ನೋದಕ್ಕೆ. ತಿನ್ನದೇ ಇರೋದಕ್ಕೆ ಕಾಲಂ ಎಲ್ಲಿದೆ?”

ಮೂವತ್ತೆಂಟನ್ನು ಬಿಟ್ಟು ಪಟ್ಟಿ ತಯಾರಾಯಿತು. ಉಳಿದ ಎರಡು ಪಾಚಿ ತಿಂದಿದ್ದವು. ಆದ್ದರಿಂದ ಹೊಸ ಮೀನಿಗೆ ಹುಳು, ಹಳೆಯದಕ್ಕೆ ಪಾಚಿ. ಎರಡೂ ಅಣ್ಣತಮ್ಮಂದಿರಂತೆ ಹಂಚಿಕೊಂಡು ತಿನ್ನುತ್ತವೆ ಎಂದು ವರದಿಯಾಯಿತು. ನಡುನೀರಿನ ಮೂವರೂ ಸಹಿ ಹಾಕಿದರು. ಸೋಮವಾರ ಮೇಲಿನ ಕಚೇರಿಯವರು ಬಂದು ಹೂಂ ಅಂದರೆ, ಅದೇ ವಾರ ಕೆರೆ ತುಂಬ ಹೊಸ ಮೀನಿನ ಮರಿ.

ಶುಕ್ರವಾರ ಮಧ್ಯಾಹ್ನ ತಾಯಿ ಮಗಳ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದಾಗ ಮಾಮ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ವಾಸನೆ ಬರಲ್ಲ ತಂಗೀ, ಮುಚ್ಚಳಕ್ಕೆ ಮೇಣ ಹಾಕಿದೀನಿ. ಆ ಮೂವತ್ತೆಂಟು ಖಾಲಿ ಹೊಟ್ಟೆ, ಒಂದೊಂದು ಸೀಸೆಲಿ ಒಂದೊಂದು. ಸಂಜೆಯೊಳಗೆ ಚೆಲ್ಲಿ ತೊಳೆದಿಡಿ ಅಂದ್ರು. ತೊಳೆದ ಸೀಸೆ ಇಟ್ಟೇ ಬಂದೆ. ಬೇರೆದು.”

ಇಪ್ಪತ್ತೆರಡು ವರ್ಷದಲ್ಲಿ ಅದು ಅವರ ಮೊದಲ ಕಳ್ಳತನ.

ಅವಳು ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದಳು. ಗಾಳಿ ಹೋದ ಬಲೂನಿನಂಥ ಒಂದು ಚೂರು. ಮೇಲೆ ತಾರೀಖು, ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ: ಏನೂ ಇಲ್ಲ. ಎಲ್ಲ ಸೀಸೆಯ ಮೇಲೂ ಅದೇ.

“ನಿಮ್ಮನೇಲೇ ಇಡಬಾರ್ದಾ ಅಣ್ಣ?”

“ನಿಮ್ಮತ್ತಿಗೆ ದಿನಾ ಸಾಹೇಬ್ರ ಹೆಂಡ್ತಿ ಜೊತೆ ವಾಕಿಂಗ್ ಹೋಗ್ತಾಳೆ. ಮೊದಲನೇ ತಿರುವಿನವರೆಗೂ ಗುಟ್ಟು ತಡೆಯಲ್ಲ.”

“ಸೋಮವಾರ ಬಂದವರ ಮುಂದೆ ಏನಂತ ಹೇಳ್ತೀರಿ?”

“ಮಾತಾಡೋಕೆ ನಂಗೆ ಬರಲ್ಲ. ಮೇಜಿನ ಮೇಲೆ ಸಾಲಾಗಿ ಇಡ್ತೀನಿ, ಅಷ್ಟೆ.” ಅವರು ಅಡುಗೆಮನೆಯ ಕಡೆ, ಅಲ್ಮೇರದ ಕಡೆ, ಅಟ್ಟದ ಕಡೆ ಕಣ್ಣಾಡಿಸಿದರು. “ಮಗು ಕೈಗೆ ಎಟುಕದ ಜಾಗ ಯಾವುದಾದ್ರೂ ಇದ್ರೆ, ಸೋಮವಾರ ಬೆಳಿಗ್ಗೆವರೆಗೆ ಇಟ್ಕೋತೀಯಾ ತಂಗೀ?”