ಕುಣಿಗಲ್ ಕೆರೆಯ ದಂಡೆಯಲ್ಲಿ ಇಪ್ಪತ್ತನಾಲ್ಕು ಇಂಚಿನ ಬಾಗಿಲು

ಬೆಳಗ್ಗೆ ಏಳಕ್ಕೆ ತುಮಕೂರು ಬಿಟ್ಟೆವು. ಎರಡು ದಿನಕ್ಕೆ ವ್ಯಾನಿನ ಬಾಡಿಗೆ ಮೂರೂವರೆ ಸಾವಿರ. ಹಿಂದಿನ ಸೀಟು ಮಡಚಿ ನನ್ನ ಗಾಲಿಕುರ್ಚಿ ಇಟ್ಟುಕೊಂಡು ನನ್ನ ಗಂಡ ನಾಗರಾಜು ತಾವೇ ಓಡಿಸಿದರು. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಅವರಿಗೆ ರಜೆ ಸಿಕ್ಕಿತ್ತು. ಹನ್ನೊಂದು ವರ್ಷದ ಹಿಂದೆ ಮಹಡಿ ಮೆಟ್ಟಿಲಿನಿಂದ ಬಿದ್ದು ಕಾಲಿನ ಸ್ವಾಧೀನ ಹೋದ ಮೇಲೆ ನಾನು ಆಸ್ಪತ್ರೆಗೆ, ಒಂದೆರಡು ಮದುವೆಗೆ ಬಿಟ್ಟರೆ ಎಲ್ಲಿಗೂ ಹೋದವಳಲ್ಲ.

ಗೂಳೂರು ಕೆರೆಯನ್ನು ಕಿಟಕಿಯಿಂದಲೇ ನೋಡಿದೆ. ಹೆಬ್ಬೂರಿನ ಹೋಟೆಲಿಗೆ ನಾಲ್ಕು ಮೆಟ್ಟಿಲಿದ್ದವು. ಮಾಲೀಕರೇ ತಟ್ಟೆ ಇಡ್ಲಿಯನ್ನು ವ್ಯಾನಿಗೆ ತಂದುಕೊಟ್ಟರು. ಕಾಫಿ ಬೇಡವೆಂದೆ, ನೀರನ್ನೂ ಮುಟ್ಟಲಿಲ್ಲ. ದಾರಿಯಲ್ಲಿ ಬಚ್ಚಲಿಗೆ ಹೋಗಬೇಕಾಗಿ ಬಂದರೆ ನನ್ನಂಥವರು ಎಲ್ಲಿಗೆ ಹೋಗುವುದು?

ಕುಣಿಗಲ್ ಊರು ದಾಟಿ ಕೆರೆಯ ದಂಡೆಯಲ್ಲೊಂದು ತೆಂಗಿನ ತೋಟ. ತೋಟದ ಯಜಮಾನ ಶಿವಣ್ಣ ಎರಡು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ಕೊಡುತ್ತಾರೆ. 'ವೀಲ್‌ಚೇರ್ ಆರಾಮಾಗ್ ಬರುತ್ತೆ, ಬನ್ನಿ ಮೇಡಂ' ಎಂದು ಫೋನಿನಲ್ಲಿ ಹೇಳಿದ್ದರು. ಸುಳ್ಳಲ್ಲ. ಗೇಟಿನಿಂದ ಮಂಚದವರೆಗೂ ಒಂದೂ ಮೆಟ್ಟಿಲಿಲ್ಲ. ಕಿಟಕಿಯ ತುಂಬ ನೀರು. ನನಗೆ ನಂಬಲಾಗಲಿಲ್ಲ.

ಬಚ್ಚಲ ಬಾಗಿಲಿಗೆ ಬಂದಾಗ ಕುರ್ಚಿಯ ಚಕ್ರ ಎರಡೂ ಕಡೆ ತಗುಲಿ ನಿಂತಿತು. ಕುರ್ಚಿ ಇಪ್ಪತ್ತಾರು ಇಂಚು, ಬಾಗಿಲು ಇಪ್ಪತ್ತನಾಲ್ಕು.

'ಇರ್ಲಿ ಬಿಡೇ, ನಾನ್ ಎತ್ಕೋತೀನಿ' ಎಂದರು ನಾಗರಾಜು.

'ಬೇಡ ರೀ. ಹೆರವರ ಮನೇಲಿ ಎಲ್ರ ಮುಂದೆ ಎತ್ತಿಸ್ಕೊಳಲ್ಲ ನಾನು. ವಾಪಸ್ ಹೋಗಣ.' ನನಗೆ ಅಳು ಬಂತು.

ಶಿವಣ್ಣನ ಮುಖ ಬಿಳಿಚಿಕೊಂಡಿತ್ತು. 'ಮುಂಬಾಗ್ಲು ಅಳತೆ ಮಾಡ್ಸಿದ್ದೆ ಕಣಮ್ಮ, ಕೋಣೆ ಬಾಗ್ಲೂ ಮಾಡ್ಸಿದ್ದೆ. ಬಂದೋರು ಬಚ್ಚಲಿಗೂ ಹೋಗ್ಬೇಕು ಅನ್ನೋದೇ ತಲೇಗ್ ಹೊಳೀಲಿಲ್ಲ. ಒಂದ್ ಗಳಿಗೆ ಇರಿ' ಎಂದು ಹೊರಗೆ ಓಡಿದರು. ಬರುವಾಗ ಕೈಯಲ್ಲಿ ಹಾರೆ.

ಏನೆಂದು ಕೇಳುವ ಮೊದಲೇ ಚೌಕಟ್ಟಿಗೆ ಹಾಕಿ ಮೀಟಿದರು. ಗಾರೆ ಉದುರಿತು. ಶಬ್ದಕ್ಕೆ ಅವರ ಹೆಂಡತಿ ಜಯಮ್ಮ ಅಡಿಗೆಮನೆಯಿಂದ ಓಡಿಬಂದರು. 'ಅಯ್ಯೋ, ಏನ್ ಬಂತು ನಿಮ್ಗೆ? ಹೊಸಾ ಗೋಡೆ!'

'ಗೋಡೆ ಇನ್ನೊಂದ್ ಕಟ್ಬೋದು, ಸುಮ್ಕಿರು.'

ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ನನಗಾಗಿ ಜನ ಕುರ್ಚಿ ಎತ್ತಿದ್ದರು, ನನ್ನನ್ನೇ ಎತ್ತಿದ್ದರು, ಅಯ್ಯೋ ಪಾಪ ಎಂದಿದ್ದರು. ಗೋಡೆ ಒಡೆದವರಿರಲಿಲ್ಲ. ಅರ್ಧ ಗಂಟೆಯಲ್ಲಿ ಚೌಕಟ್ಟು ನೆಲದ ಮೇಲಿತ್ತು. ಜಯಮ್ಮ ಗೊಣಗುತ್ತಲೇ ಗಾರೆ ಗುಡಿಸಿ, ತಮ್ಮ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿದರು. ನಾನು ಕುರ್ಚಿಯನ್ನು ನಾನೇ ತಳ್ಳಿಕೊಂಡು ಒಬ್ಬಳೇ ಒಳಗೆ ಹೋದೆ.

ಸಂಜೆ ದನ ಇಳಿಯುವ ದಾರಿಯಲ್ಲಿ ನೀರಿನ ಅಂಚಿನವರೆಗೂ ಹೋದೆವು. ಕೊಕ್ಕರೆಗಳು ಹಾರಿಹೋಗಲಿಲ್ಲ. ಜಯಮ್ಮ ಅವರೇಕಾಳು ಸಾರು, ಮುದ್ದೆ ಬಡಿಸಿದರು. ಎರಡು ಲೋಟ ಮಜ್ಜಿಗೆ ಕೇಳಿ ಕುಡಿದೆ.

ಮರುದಿನ ಮಧ್ಯಾಹ್ನ ತುಮಕೂರಿಗೆ ಬಂದು ನಮ್ಮ ಮನೆ ಬೀಗ ತೆಗೆದೆವು. ಕೈಕಾಲು ತೊಳೆಯಬೇಕೆಂದೆ. ನಾಗರಾಜು ಕುರ್ಚಿಯನ್ನು ಬಚ್ಚಲ ಬಾಗಿಲವರೆಗೆ ತಳ್ಳಿ ನಿಲ್ಲಿಸಿ, ಎಂದಿನಂತೆ ಬಗ್ಗಿ ಎರಡೂ ತೋಳು ಚಾಚಿದರು.

ಚಾಚಿದ ತೋಳು ಹಾಗೇ ನಿಂತಿತು. ಅವರು ಬಾಗಿಲನ್ನು ನೋಡಿದರು, ನಾನೂ ನೋಡಿದೆ. ಹನ್ನೊಂದು ವರ್ಷ, ದಿನಕ್ಕೆ ನಾಲ್ಕೈದು ಸಲ, ನಮ್ಮ ಸ್ವಂತ ಮನೆಯಲ್ಲಿ ಅವರು ನನ್ನನ್ನು ಎತ್ತಿ ಇದೇ ಬಾಗಿಲು ದಾಟಿಸಿದ್ದರು. ಒಮ್ಮೆಯೂ ಅವರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅವರು ಅಲ್ಲೇ ನೆಲದ ಮೇಲೆ ಕುಸಿದು ಕೂತರು.

'ನಮ್ದೇ ಗೋಡೆ ಕಣೇ' ಎಂದರು. 'ಯಾರ್ನ ಕೇಳ್ಬೇಕಿತ್ತು?'